ಎರಡು ಹೆಸರಿನ ಕಂಪನಿ

ಭೀಮಾ ತೀರದ ಒಂದು ಪಟ್ಟಣದಲ್ಲಿ ಚನ್ನವೀರಪ್ಪ ಎಂಬ ಲಾರಿ ಮಾಲೀಕನಿದ್ದ. ಅದೇ ಊರಲ್ಲಿ ದಸ್ತಗೀರಸಾಬನ ಕೋಲ್ಡ್ ಸ್ಟೋರೇಜ್ ಇತ್ತು. ಒಬ್ಬನ ಬಳಿ ದೂರದೂರಿಗೆ ಓಡುವ ಲಾರಿಗಳು. ಇನ್ನೊಬ್ಬನ ಬಳಿ ತಣ್ಣನೆಯ ಕೋಣೆಗಳು, ಹಳ್ಳಿಗಳಿಗೆ ಹೋಗುವ ಸಣ್ಣ ಗಾಡಿಗಳು. ಇಪ್ಪತ್ತು ವರ್ಷ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಲೇ ಬಂದಿದ್ದರು.

ಒಂದು ಮಳೆಗಾಲ ಹೊಳೆ ಉಕ್ಕಿ ಇಳಿಯಿತು. ದನಗಳಿಗೆ ಗಂಟಲು ಬಾತು ಸಾಯಿಸುವ ಗಳಲೆ ಬೇನೆ ಬರುವ ಭಯ ಹುಟ್ಟಿತು. ಲಸಿಕೆ ಪುಣೆಯಿಂದ ಬರಬೇಕು, ತಂಪಿನಲ್ಲೇ ಇರಬೇಕು, ಬೇಗ ಹಳ್ಳಿ ಮುಟ್ಟಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ ಎಂದು ದನದ ಡಾಕ್ಟರು ಹೇಳಿದಾಗ, ಇಬ್ಬರೂ ಸೇರಿ ಒಂದು ಕಂಪನಿ ಮಾಡಿದರು. ಎರಡೂ ಹೆಸರು ಬರೆಸಿದ ಬೋರ್ಡಿಗೆ ಹಾರ ಹಾಕಿದರು.

ಆದರೆ ಚನ್ನವೀರಪ್ಪನ ಮನಸ್ಸು ಬಿಚ್ಚಲಿಲ್ಲ. ‘ನನ್ನ ಲಾರಿ ಎಲ್ಲಿ ತುಂಬುತ್ತದೆ, ಯಾವಾಗ ಬರುತ್ತದೆ ಎಂದು ದಸ್ತಗೀರನಿಗೆ ತಿಳಿದರೆ ನಾಳೆ ನನ್ನ ವ್ಯಾಪಾರಕ್ಕೇ ಕೈ ಹಾಕಿಯಾನು’ ಎಂದುಕೊಂಡ. ಲಸಿಕೆಯ ಲಾರಿ ಹೊರಟ ಸುದ್ದಿಯನ್ನು ದಸ್ತಗೀರನಿಗೆ ತಿಳಿಸಲೇ ಇಲ್ಲ.

ಲಾರಿ ಕೋಲ್ಡ್ ಸ್ಟೋರೇಜಿನ ಮುಂದೆ ಬಂದು ನಿಂತಾಗ ಮಟಮಟ ಮಧ್ಯಾಹ್ನ. ಕಣ್ಣಿಗೆ ಬಿದ್ದ ಕೋಣೆಗಳ ತುಂಬ ಲಿಂಬೆಹಣ್ಣಿನ ಚೀಲ. ಸಣ್ಣ ಗಾಡಿಗಳೆಲ್ಲ ಬೇರೆ ಕಡೆ ಹೋಗಿದ್ದವು. “ನಮಗ ಯಾರೂ ಹೇಳೇ ಇಲ್ಲಲ್ರಿ” ಎಂದ ದಸ್ತಗೀರನ ಗುಮಾಸ್ತ. ಲಸಿಕೆಯ ಪೆಟ್ಟಿಗೆಗಳು ಸಂಜೆಯತನಕ ಲಾರಿಯಲ್ಲೇ ಕಾದವು. ಒಳಗಿನ ಮಂಜುಗಡ್ಡೆ ಕರಗಿ ನೀರಾಯಿತು. ಡಾಕ್ಟರು ಬಿಚ್ಚಿ ನೋಡಿ, ಕೆಟ್ಟುಹೋಗಿದೆ ಎಂದು ಅಷ್ಟನ್ನೂ ಹೂಳಿಸಿದರು.

ಹೊಸ ಲಸಿಕೆ ಬರುವಷ್ಟರಲ್ಲಿ ಒಂದೇ ಹಳ್ಳಿಯಲ್ಲಿ ಹನ್ನೊಂದು ಎಮ್ಮೆ ಸತ್ತವು. ಚನ್ನವೀರಪ್ಪ ಅಲ್ಲಿಗೆ ಹೋದ. ಹಾಲು ಮಾರಿ ಬದುಕುತ್ತಿದ್ದ ದುಂಡವ್ವ ಬರಿದಾದ ಗೋದಲಿಯ ಮುಂದೆ ಕೂತಿದ್ದಳು.

“ಯಪ್ಪಾ, ನಿಮ್ಮ ಬೋರ್ಡಿನ್ಯಾಗ ಇಬ್ಬರ ಹೆಸರೂ ಅದಾವಂತ. ಔಷಧ ಬಿಸಲಾಗ ಕುಂತಾಗ ಒಬ್ಬರೂ ಇರಲಿಲ್ಲೇನ್ರಿ?”



ಚನ್ನವೀರಪ್ಪ ಅಲ್ಲಿಂದ ನೆಟ್ಟಗೆ ದಸ್ತಗೀರನ ಬಳಿ ಹೋದ. ಲಾರಿಗಳ ವೇಳೆ, ಡ್ರೈವರುಗಳ ನಂಬರು, ಗಿರಾಕಿಗಳ ಪಟ್ಟಿ ಎಲ್ಲವನ್ನೂ ಅವನ ಮುಂದಿಟ್ಟ. “ತಪ್ಪು ನಂದು, ಸಾಹೇಬ್ರ. ಲಾರಿ ಬರೂದು ನಿಮಗ ಮುಚ್ಚಿಟ್ಟೆ.”

ದಸ್ತಗೀರ ತಲೆ ತಗ್ಗಿಸಿ ಅಂದ. “ನಂದೂ ಐತಿ, ಅಣ್ಣಾರ. ಅವತ್ತು ಹಿಂದಿನ ಕೋಣಿ ಖಾಲಿನ ಇತ್ತು. ನಿಮ್ಮ ಮಂದಿಗೆ ತೋರಸಬ್ಯಾಡಂತ ಗುಮಾಸ್ತಗ ಮೊದಲ ಹೇಳಿಟ್ಟಿದ್ದೆ.”

ಆಮೇಲೆ ಇಬ್ಬರ ಆಫೀಸೂ ಒಂದೇ ಕೋಣೆಗೆ ಬಂತು. ಲಾರಿ ಹೊರಟ ಕೂಡಲೇ ಗೋದಾಮಿಗೆ ಫೋನು. ಕೋಣೆ ಖಾಲಿಯಾದ ಕೂಡಲೇ ಡ್ರೈವರಿಗೆ ಫೋನು. ಲಾರಿಯ ಹಮಾಲರು ತಂಪಿನ ಪೆಟ್ಟಿಗೆ ಹಿಡಿಯುವುದನ್ನು ಕಲಿತರು. ಸುಲಭವಾಗಿಯೇನೂ ಆಗಲಿಲ್ಲ. ಜಗಳಗಳಾದವು. ಹಳೆಯ ಗುಮಾಸ್ತರಿಬ್ಬರು ಮುನಿಸಿಕೊಂಡು ಕೆಲಸ ಬಿಟ್ಟರು.

ಮರುವರ್ಷ ಹೊಳೆ ಮತ್ತೆ ಉಕ್ಕಿತು. ಈ ಸಲ ಪುಣೆ ಬಿಟ್ಟ ಲಸಿಕೆ ಎಲ್ಲೂ ಬಿಸಿಲು ಕಾಣಲಿಲ್ಲ. ಎರಡು ದಿನದಲ್ಲಿ ಮೂವತ್ತು ಹಳ್ಳಿಯ ದನಗಳಿಗೆ ಸೂಜಿ ಹಾಕಿ ಮುಗಿಯಿತು. ಎಲ್ಲೂ ಬೇನೆ ಹರಡಲಿಲ್ಲವೆಂದು ಡಾಕ್ಟರು ಹೇಳಿಕಳಿಸಿದರು.

ಸುದ್ದಿ ಕೇಳಿ ಚನ್ನವೀರಪ್ಪನಿಗೆ ಸಮಾಧಾನವಾಯಿತು. ಆದರೆ ನಗು ಬರಲಿಲ್ಲ. “ಸಾಹೇಬ್ರ, ಹ್ವಾದ ವರ್ಷನೂ ಇವೇ ಲಾರಿ ಇದ್ದವು, ಇವೇ ಕೋಣಿ ಇದ್ದವು” ಎಂದಷ್ಟೇ ಅಂದ.

ನೀತಿ: ಹೆಸರು ಕೂಡಿಸಿದರೆ ಎರಡು ಸಂಸ್ಥೆಗಳು ಒಂದಾಗುವುದಿಲ್ಲ. ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದನ್ನು ತೆರೆದಿಟ್ಟಾಗಲೇ ಇಬ್ಬರ ಶಕ್ತಿಯೂ ಒಂದಾಗಿ, ನಂಬಿದವರಿಗೆ ನೆರವು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ.