ಮರಗಳು ಸರದಿ ಹಿಡಿದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆಗ ಕೆಂಚವ್ವ ಎಂಬ ಹೆಂಗಸು ದಿಣ್ಣೆಯೊಂದರ ಮೇಲೆ ಹೂಮರಗಳ ತೋಪು ಬೆಳೆಸಿದಳು. ಮುತ್ತುಗ, ಕಕ್ಕೆ, ಹೊಳೆದಾಸವಾಳ, ಕದಂಬ, ಆಕಾಶಮಲ್ಲಿಗೆ ಎಲ್ಲವೂ ಅಲ್ಲಿದ್ದವು.

ಯುಗಾದಿ ಬಂತೆಂದರೆ ಅವೆಲ್ಲ ಒಟ್ಟಿಗೇ ಹೂ ಬಿಡುತ್ತಿದ್ದವು. ನಾನು ಹೆಚ್ಚು, ತಾನು ಹೆಚ್ಚು ಎಂದು ಬಿಡುತ್ತಿದ್ದವು. ಕೆಲವು ದಿನ ದೊಡ್ಡ ಹಬ್ಬ. ಆಮೇಲೆ ವರ್ಷವೆಲ್ಲ ಬರೀ ಸೊಪ್ಪು.

ಒಂದು ಮಾಗಿಯ ಬೆಳಗ್ಗೆ ಸೂರಕ್ಕಿ ಕೆಂಚವ್ವನ ಜಗಲಿಗೆ ಬಂದು ಕುಳಿತಿತು. ಹೂವಿನ ಮಕರಂದ ಕುಡಿದು ಬದುಕುವ ಪುಟಾಣಿ ಹಕ್ಕಿ ಅದು.

"ಯಾಕೆ ತಾಯಿ, ಮಂಕಾಗಿದ್ದೀಯ?" ಎಂದಳು ಕೆಂಚವ್ವ.

"ಗೂಡಲ್ಲಿ ಎರಡು ಮರಿ ಇದ್ದವು, ಅವ್ವ. ಎಲ್ಲೂ ಹೂವಿಲ್ಲ. ಒಂದು ಹೋಯಿತು. ಇನ್ನೊಂದು ಬಾಯಿ ತೆರೆದುಕೊಂಡೇ ಇದೆ."

ಕೆಂಚವ್ವ ಎದ್ದಳು. ಹಕ್ಕಿಯನ್ನು ಅಂಗೈಲಿಟ್ಟುಕೊಂಡು ತೋಪಿಗೆ ನಡೆದಳು.

"ಈಗ ಯಾರಾದರೂ ಹೂ ಬಿಡ್ತೀರೇನಪ್ಪ?"

"ನನ್ನ ಎಲೆಯೇ ಉದುರುತ್ತಿದೆ, ಅವ್ವ," ಎಂದಿತು ಮುತ್ತುಗ.

"ನನಗೆ ಬಿಸಿಲು ಬೇಕು," ಎಂದಿತು ಕಕ್ಕೆ. "ನನಗೆ ಮಳೆ ಬೇಕು," ಎಂದಿತು ಕದಂಬ. ಹೊಳೆದಾಸವಾಳ ಮುಖ ತಿರುಗಿಸಿತು.

ಮೂಲೆಯಲ್ಲಿ ಆಕಾಶಮಲ್ಲಿಗೆ ನಿಂತಿತ್ತು, ಸಣಕಲು, ಎತ್ತರ. "ನಾನು ಬಿಡಬಲ್ಲೆ," ಎಂದಿತು ಮೆಲ್ಲಗೆ. "ಆದರೆ ನನ್ನವು ಬಿಳಿ ಹೂ. ಈ ಮಂಜಿನಲ್ಲಿ ಒಂಟಿಯಾಗಿ ಅರಳಿದರೆ ಯಾರು ನೋಡುತ್ತಾರೆ?"

"ನನ್ನ ಮರಿ ನೋಡುತ್ತದೆ," ಎಂದಿತು ಸೂರಕ್ಕಿ.

ಸಂಜೆಗೆ ಆಕಾಶಮಲ್ಲಿಗೆಯ ಮೊಗ್ಗುಗಳು ಬಿರಿದವು, ತೋಪೆಲ್ಲ ಘಮಘಮ. ಬೆಳಗಾದಾಗ ತಾಯಿ ಹಕ್ಕಿ ಹೂವಿಂದ ಗೂಡಿಗೆ, ಗೂಡಿಂದ ಹೂವಿಗೆ ಹಾರುತ್ತಲೇ ಇತ್ತು. ಮರಿ ಉಳಿಯಿತು.

ಉಳಿದ ಮರಗಳು ತಲೆ ತಗ್ಗಿಸಿದವು.

"ಇದರ ಹೂ ಮುಗಿದ ಮೇಲೆ ನಾನು ಬಿಡ್ತೀನಿ," ಎಂದಿತು ಮುತ್ತುಗ. "ಎಲೆ ಇಲ್ಲದಿದ್ದರೇನಂತೆ."

"ಸುಡುಬಿಸಿಲು ನನಗಿರಲಿ," ಎಂದಿತು ಕಕ್ಕೆ. ಅದರ ನಂತರ ಮೊದಲ ಮಳೆ ಬೀಳುವವರೆಗೆ ತಾನು ಹೂ ಬಿಡುವೆನೆಂದಿತು ಹೊಳೆದಾಸವಾಳ. ಮಳೆಗಾಲವನ್ನು ಕದಂಬ ವಹಿಸಿಕೊಂಡಿತು, ಮಳೆ ನಿಂತ ಮೇಲೆ ಮತ್ತೆ ಆಕಾಶಮಲ್ಲಿಗೆ.

ಆ ಯುಗಾದಿಗೆ ದೊಡ್ಡ ಹಬ್ಬವಾಗಲಿಲ್ಲ. ಮುತ್ತುಗ ಒಂದೇ ಹೂ ಬಿಟ್ಟಿದ್ದನ್ನು ಕಂಡು ಕೆಂಚವ್ವನಿಗೆ ಒಂದು ಗಳಿಗೆ ಬೇಸರವಾಯಿತು. ಅಷ್ಟರಲ್ಲಿ ಬೆಳೆದ ಮರಿ ಅದರ ಗೊಂಚಲಿಗೆ ಜೋತುಬಿದ್ದು ಮಕರಂದ ಹೀರಿತು. ಅವಳು ಅಲ್ಲೇ ಕುಳಿತು ನೋಡಿದಳು.

ಅದಕ್ಕೇ ಕಂದ, ನೀನು ಯಾವ ತಿಂಗಳಲ್ಲಿ ಹೂಮರಗಳ ತೋಟಕ್ಕೆ ಹೋದರೂ ಒಂದಲ್ಲ ಒಂದು ಮರ ಅರಳಿರುತ್ತದೆ, ಉಳಿದವು ಸುಮ್ಮನೆ ತಮ್ಮ ಸರದಿ ಕಾಯುತ್ತಿರುತ್ತವೆ.