ಹೊಳೆಗೆ ಹೊರಟ ಪುಸ್ತಕ

ತುಂಗಭದ್ರೆಯ ದಂಡೆಯ ಒಂದು ಮಠದಲ್ಲಿ ಕಲ್ಲಿನಾಥ ಎಂಬ ಶಿಷ್ಯನಿದ್ದ. ವಯಸ್ಸು ಐವತ್ತು ದಾಟಿತ್ತು, ಕುತೂಹಲಕ್ಕೆ ಇನ್ನೂ ಐದೂ ತುಂಬಿರಲಿಲ್ಲ.

ಕಂಡದ್ದೆಲ್ಲ ಅವನಿಗೆ ಕಲಿಯಬೇಕು. ಆದರೆ ಇವತ್ತಲ್ಲ. ಮುಂದೊಂದು ದಿನ ಎಂದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಕೈಯಿಲ್ಲದ ಗೀಜಗ ಗೂಡಿನ ಮೊದಲ ಗಂಟು ಹೇಗೆ ಹಾಕುತ್ತದೆ, ನೋಡಬೇಕು. ಏಕತಾರಿ ನುಡಿಸಬೇಕು. ಮಠದ ಹಳೇ ಕಾಗದಗಳಲ್ಲಿರುವ ಮೋಡಿ ಅಕ್ಷರ ಓದಬೇಕು. ಇಪ್ಪತ್ತು ವರ್ಷದಲ್ಲಿ ಪುಸ್ತಕವೇನೋ ದಪ್ಪವಾಯಿತು. ಕಲಿತದ್ದು ಒಂದೂ ಇಲ್ಲ.

ತನ್ನ ಸನ್ಯಾಸ ದೀಕ್ಷೆಯ ಹಿಂದಿನ ದಿನ ಅವನು ಪುಸ್ತಕ ಹಿಡಿದು ಗುರುಗಳ ಮುಂದೆ ನಿಂತ.

"ಅಜ್ಜಾರ, ಇದನ್ನ ಹೊಳಿಗೆ ಬಿಡ್ತೀನ್ರಿ. ಇಷ್ಟು ಆಸೆ ಇಟ್ಕೊಂಡು ದೀಕ್ಷಾ ತಗೋಬಾರದು."

ಗುರುಗಳಿಗೆ ಎಂಬತ್ತೆರಡು. ಬೇಡ ಎನ್ನಲಿಲ್ಲ.

"ನಡಿ, ನಾನೂ ಬರ್ತೀನಿ. ದಂಡ್ಯಾಗ ಬಿಟ್ರ ತಿರುಗಿ ಬರ್ತೈತಿ. ನಡುಹೊಳ್ಯಾಗ ಬಿಡೂಣು."

ಅಂಬಿಗರ ಹುಲಿಗೆಪ್ಪ ಹರಿಗೋಲು ನಡೆಸಿದ. ನಡುನೀರಿಗೆ ಬಂದಾಗ ಕಲ್ಲಿನಾಥ ಪುಸ್ತಕವನ್ನು ಎದೆಗವಚಿಕೊಂಡ. ಕೈ ಚಾಚಲು ಆಗಲೊಲ್ಲದು. ಸಾಕಿದ ಕರುವನ್ನು ಯಾರಿಗೋ ಕೊಟ್ಟು ಬರುವಂಥ ಸಂಕಟ.

"ತಡಿ," ಎಂದರು ಗುರುಗಳು. "ಬಿಡೂಕಿಂತ ಮೊದಲ ನಂದೊಂದು ಬರಕೋ."

"ನಿಮ್ಮದೂ ಐತೇನ್ರಿ?"

"ಏಳು ವರ್ಷದಾವ ಇದ್ದಾಗ ನಮ್ಮಪ್ಪ ಇಂಥಾದ್ರಾಗ ಕುಂದರಿಸಿ ಮಠಕ್ಕ ಕರಕೊಂಡು ಬಂದ. ನಾ ಹುಟ್ಟು ಹಾಕ್ತೀನಿ ಅಂತ ಅತ್ನಿ. ದೊಡ್ಡಾವ ಆಗು, ಆಮ್ಯಾಲ ಅಂದ."

ಕಲ್ಲಿನಾಥ ಸೀಸದಕಡ್ಡಿ ಹುಡುಕುವುದರೊಳಗೆ ಗುರುಗಳು ಹುಲಿಗೆಪ್ಪನ ಕೈಯಿಂದ ಹುಟ್ಟು ಇಸಿದುಕೊಂಡಿದ್ದರು.

ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಅಜ್ಜಾರ, ಬಾಜೂಕ ಹಾಕಬ್ಯಾಡ್ರಿ. ಮುಂದ ಬಗ್ಗಿ ನೀರು ನಿಮ್ಮ ಕಡೆ ಎಳ್ಕೋರಿ," ಎಂದ ಹುಲಿಗೆಪ್ಪ.

"ಹಿಂಗೇನ್ರಿ, ಗುರುಗಳ?" ಎಂದು ಅಜ್ಜ ಅವನನ್ನೇ ಕೇಳಿದರು. ಹುಲಿಗೆಪ್ಪ ನಾಲಿಗೆ ಕಚ್ಚಿಕೊಂಡ.

ಹರಿಗೋಲು ಒಂದು ಮಾರು ಮುಂದೆ ಹೋಯಿತು, ಮತ್ತೆ ತಿರುಗಿತು. ಗುರುಗಳ ಮುಖದ ತುಂಬ ನಗು. ಕಲ್ಲಿನಾಥನಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಇಪ್ಪತ್ತು ವರ್ಷ ಈ ಮುದುಕರ ಪಾದ ತೊಳೆದಿದ್ದ. ನಿಮಗೇನು ಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ.

ಪುಸ್ತಕ ಇನ್ನೂ ಅವನ ಎದೆಯಲ್ಲೇ ಇತ್ತು.

"ಅಜ್ಜಾರ, ಇಷ್ಟೆಲ್ಲಾ ಆಸೆ ಹೊತ್ಕೊಂಡು ನಾಳೆ ದೀಕ್ಷಾ ತಗೊಂಡ್ರ, ನಾ ಯಾವ ದಂಡಿ ಮುಟ್ಟತೀನ್ರಿ?"

ಗುರುಗಳು ಹುಟ್ಟು ಬಿಡಲಿಲ್ಲ.

"ದಂಡಿ ಮುಟ್ಟಸಾಕ ಹುಲಿಗೆಪ್ಪ ಅದಾನ. ಹೊತ್ತು ಇನ್ನೂ ಮ್ಯಾಲೈತಿ, ನೀ ಮೊದಲನೇ ಹಾಳಿ ತಗದು ಓದು."