ಮತ್ತಿ ಮರದ ಹುಳ

ಒಂದಾನೊಂದು ಕಾಲದಲ್ಲಿ, ಕಾಡಿಗೆ ಗಾಡಿದಾರಿನೂ ಬಿದ್ದಿರದ ಕಾಲ, ಬೆಟ್ಟದ ಮೇಲೆ ನಾಲ್ಕಾರು ಗುಡಿಸಲಿದ್ದ ಒಂದು ಹಾಡಿಗೆ ಕೆಂಚಿ ಅಂತ ಹೊಸ ಸೊಸೆ ಬಂದಳಂತೆ. ಅವಳ ಮಾವ ಬೋಳಯ್ಯ ಜೇನು ಇಳಿಸೋನು. ಗುಡಿಸಲ ಮುಂದೆ ಅವನದೊಂದು ಮತ್ತಿ ಮರ, ವರ್ಷಾವರ್ಷ ಹೆಜ್ಜೇನು ಕಟ್ಟೋದು ಅದರಲ್ಲೇ.

ಆ ವರ್ಷ ಮಳೆ ಹಿಡಿದ ಮೇಲೆ ಮರಕ್ಕೆ ಹುಳ ಬಿತ್ತಂತೆ. ಬೆರಳುದ್ದ, ಹಸಿರಂದ್ರೆ ಹಸಿರು, ಮೈಯೆಲ್ಲ ಗಂಟು ಗಂಟು. ಕರಕರ ಅಂತ ಮೇದು ಮೇದು ಕೊಂಬೆಯೆಲ್ಲ ಬೋಳು ಮಾಡಿದವಂತೆ. ಮಾವ ಪಂಜು ಕಟ್ಕೊಂಡು ಸುಡೋಕೆ ಬಂದ. ಕೆಂಚಿ ಅಡ್ಡ ನಿಂತು, ಸುಡಬೇಡ ಮಾವ, ಇವಕ್ಕೆ ರೆಕ್ಕೆ ಬರುತ್ತೆ, ಮರ ಚಿಗುರುತ್ತೆ, ಚಿಗುರದಿದ್ರೆ ನಾನೇ ತವರಿಗೆ ಹೋಗ್ತೀನಿ ಅಂದುಬಿಟ್ಟಳಂತೆ. ಆಗ್ಲಿ ಅಂತ ಮಾವ ಪಂಜು ಇಳಿಸಿದ. ಅವಳೇನು ಕಣ್ಣಾರೆ ಕಂಡಿದ್ದಳಾ, ಅವಳಜ್ಜಿ ಹೇಳಿದ್ದು ಕೇಳಿದ್ದಷ್ಟೇ. ಗಂಡ ಮಾಚ, ಯಾಕೆ ಹಂಗಂದೆ ಅಂತ ಪೇಚಾಡಿದನಂತೆ.

ಆಮೇಲೆ ಹುಳಗಳು ನೂಲು ಸುತ್ಕೊಂಡು ಗೂಡು ಕಟ್ಟಿದವಂತೆ, ಕೋಳಿಮೊಟ್ಟೆ ಹಂಗೆ, ತೊಟ್ಟಿಂದ ನೇತಾಡ್ಕೊಂಡು. ಎರಡನೇ ಸಲ ಮಾವ ಪಂಜು ಹಿಡ್ಕೊಂಡು ಬಂದು, ಒಂದನ್ನ ಕಿವಿ ಹತ್ರ ಅಲ್ಲಾಡಿಸಿ, ಸತ್ತಿದಾವೆ ಅಂದ. ಇನ್ನೊಂದಿಷ್ಟು ದಿನ ಕೊಡು ಅಂತ ಕೆಂಚಿ ಬೇಡ್ಕೊಂಡಳಂತೆ. ರಾಗಿ ಬೀಸೋಕೆ ಕೂತವಳು ಎದ್ದು ಮರದ ಹತ್ರ ಓಡ್ತಾಳೆ, ಇತ್ತ ಒಲೆ ಮೇಲೆ ಹಿಟ್ಟು ಸೀಯುತ್ತೆ. ಗೂಡು ಕುಯ್ದೇ ನೋಡೋಣ ಅಂತ ಕತ್ತಿ ಹಿಡೀತಾಳೆ, ಒಳಗಿರೋದು ಸತ್ತರೆ ಅಂತ ಇಡ್ತಾಳೆ.

ಮೂರನೇ ಸಲ ಮಾವ ಪಂಜು ತರಲಿಲ್ಲ. ಮರ ಚಿಗುರಲಿಲ್ಲ, ಗಂಟು ಕಟ್ಕೋ ಅಂದನಂತೆ. ಅವಳು ಸೀರೆ ಗಂಟು ಕಟ್ಕೊಂಡು ಹೊರಟಳು, ಹಿಂದೆ ಮಾಚ ತಲೆ ತಗ್ಗಿಸ್ಕೊಂಡು. ಅವಳ ಕಾಲು ಮಾತ್ರ ತಾವಾಗೇ ಮರದ ಕಡೆ ಹೋದವಂತೆ. ಹೊತ್ತು ಮುಳುಗ್ತಿತ್ತು. ಒಂದು ಗೂಡಿನ ತುದಿ ಒದ್ದೆಯಾಗಿತ್ತಂತೆ. ನೋಡ್ತಿದ್ದಂಗೇ ಅಲ್ಲಿ ತೂತಾಯ್ತು, ಮುದುಡಿದ ಚಿಟ್ಟೆ ತೆವಳಿ ಹೊರಬಂತು, ರೆಕ್ಕೆ ಬಿಚ್ಚಿತು. ಅಂಗೈಗಿಂತ ಅಗಲ, ಇಟ್ಟಿಗೆ ಬಣ್ಣ, ಒಂದೊಂದು ರೆಕ್ಕೇಲೂ ಕಣ್ಣಿನಂಥ ಬೊಟ್ಟು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು.

ಮಾವ ಬಂದು ನಿಂತ. ಅವನಿಗೀಗ ಬೇರೆ ಭಯ.

"ಇಷ್ಟು ದೊಡ್ಡವಾದ್ವು, ಇನ್ನು ಏನೇನು ತಿಂತಾವೋ ಕೆಂಚಿ?"

ಅವಳು ಬಗ್ಗಿ ಒಂದರ ಮುಖ ನೋಡಿದಳಂತೆ.

"ತಿನ್ನೋಕೆ ಇವಕ್ಕೆ ಬಾಯೇ ಇಲ್ಲ ಮಾವ."

ನಾಲ್ಕೈದು ದಿನದ ಬಾಳು, ಜೋಡಿಯಾಗಬೇಕು, ಮೊಟ್ಟೆ ಇಡಬೇಕು, ಅಷ್ಟೇ ಅಂತೆ ಅವುಗಳ ಕೆಲಸ. ಒಂದು ಚಿಟ್ಟೆ ಎದ್ದು ಮರದ ನೆತ್ತಿಗೆ ಹಾರಿತು. ಅದು ಕೂತ ಕಡೆ ಮೂವರೂ ಕತ್ತೆತ್ತಿ ನೋಡ್ತಾರೆ, ಕೆಂಪಗೆ, ಇಷ್ಟಿಷ್ಟೇ ಚಿಗುರು.

ಬೋಳಯ್ಯ ಸೊಸೆ ಕೈಯಿಂದ ಗಂಟು ಇಸ್ಕೊಂಡು ತಾನೇ ಹೊತ್ತು ಒಳಗೆ ಇಟ್ಟನಂತೆ. ಅವತ್ತು ಮೂವರೂ ಒಟ್ಟಿಗೆ ಉಂಡು ನೆಮ್ಮದಿಯಾಗಿ ಮಲಗಿದರಂತೆ. ಅವರ ಕತೆನೂ ಮುಗೀತು, ನಿನ್ನ ಕಣ್ಣೂ ಮುಚ್ಚಿತು ಕೂಸೇ.